ರೂಟ್ ಪಾಸ್‌ವರ್ಡ್ ಕೊಡದೆ ಸಿಬ್ಬಂದಿಗೆ ಎನ್‌ಕ್ರಿಪ್ಟೆಡ್ ಡಿಸ್ಕ್ ತೆರೆಯಲು ಬಿಡುವುದು ಹೇಗೆ?

ಕೋಟೆ ಕೆಳಗಿನ ಓಣಿ, ಬಳ್ಳಾರಿ

ಜೀನ್ಸ್ ಹೊಲಿಯುವ ಘಟಕಗಳ ಸಂಬಳ, ಪಿಎಫ್, ಜಿಎಸ್‌ಟಿ ಲೆಕ್ಕ ನೋಡುವ ಆಫೀಸು. ಡೆಬಿಯನ್ 12 ಹಾಕಿರುವ ಒಂದೇ ಕಂಪ್ಯೂಟರ್, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್. ಸಿಸ್ಟಮ್ ಎಸ್‌ಎಸ್‌ಡಿಯಲ್ಲಿದೆ. ಕೆಲಸಗಾರರ ಆಧಾರ್ ಪ್ರತಿ, ಪಾಸ್‌ಬುಕ್ ಪ್ರತಿ, ಹಾಜರಿ ಪಟ್ಟಿ ಎಲ್ಲ ಕ್ಯಾಬಿನೆಟ್ ಒಳಗೇ ಕೂರಿಸಿದ 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿವೆ. ಆ ಡಿಸ್ಕ್‌ಗೆ ಲಕ್ಸ್2 (ಇಡೀ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಪದ್ಧತಿ), ಅದರೊಳಗೆ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್.

ಮೂರು ಜನ ಬಳಸುತ್ತಾರೆ. ಇಬ್ಬರು ಮಷಿನ್ ಮುಂದೆ ಕೂರುತ್ತಾರೆ, ಒಬ್ಬರು ಎಸ್‌ಎಸ್‌ಎಚ್ ಮೂಲಕ ದೂರದಿಂದ ಬರುತ್ತಾರೆ. ಯಾರಿಗೂ ಸುಡೂ (ರೂಟ್ ಆಗಿ ಆದೇಶ ಕೊಡುವ ಹಕ್ಕು) ಇಲ್ಲ, ಕೊಡುವ ಯೋಚನೆಯೂ ಇಲ್ಲ. ಬೇಕಾಗಿರುವುದು ಇಷ್ಟು: ಕೆಲಸ ಬಿದ್ದಾಗ ಈ ಮೂವರಲ್ಲಿ ಯಾರಾದರೂ ತಮ್ಮದೇ ಪಾಸ್‌ಫ್ರೇಸ್ ಕೊಟ್ಟು ಡಿಸ್ಕ್ ತೆರೆಯಬೇಕು, ಸಂಜೆ ಅದು ಮುಚ್ಚಬೇಕು, ನಡುವೆ ಕರೆಂಟ್ ಹೋದರೂ ಡೇಟಾ ಕೆಡಬಾರದು. ಇನ್ನೊಂದು, ಸಂಬಳದ ಫೈಲುಗಳನ್ನು ಒಬ್ಬರು ಮಾತ್ರ ನೋಡಬೇಕು, ಉಳಿದಿಬ್ಬರಿಗೆ ಕಾಣಬಾರದು.

ಸಾಮಾನ್ಯ ಯೂಸರ್ ಆಗಿ ಲಕ್ಸ್ ತೆರೆಯುವ ಕ್ರಿಪ್ಟ್‌ಸೆಟಪ್ ಓಪನ್ ಆದೇಶ ಕೊಟ್ಟರೆ ಅನುಮತಿ ಇಲ್ಲ ಅನ್ನುತ್ತದೆ. ಎಫ್‌ಎಸ್‌ಟ್ಯಾಬ್ ಎಂಬ ಮೌಂಟ್ ಪಟ್ಟಿಯ ಫೈಲ್‌ನಲ್ಲಿ ಯೂಸರ್ ಅಂತ ಸೇರಿಸಿದರೆ ಮೌಂಟ್ ಮಾಡಲು ಬಿಡುತ್ತದೆ, ಆದರೆ ಮೊದಲು ಲಕ್ಸ್ ತೆರೆದಿರಬೇಕಲ್ಲ, ಅದಕ್ಕೆ ಬಿಡುವುದಿಲ್ಲ. ಫೈಲ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಮೇಲೆ ಕ್ಲಿಕ್ ಮಾಡಿದರೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ವಿಚಿತ್ರವೆಂದರೆ ಲಕ್ಸ್ ಹಾಕಿದ ಪೆನ್‌ಡ್ರೈವ್ ಚುಚ್ಚಿದರೆ ಅದೇ ಯೂಸರ್‌ಗೆ ಪಾಸ್‌ಫ್ರೇಸ್ ಒಂದನ್ನೇ ಕೇಳಿ ತೆರೆದುಕೊಡುತ್ತದೆ. ಈ ವ್ಯತ್ಯಾಸ ಏಕೆ?

ಹತ್ತಿ ಮಾರ್ಕೆಟ್, ರಾಯಚೂರು

ವ್ಯತ್ಯಾಸ ಲಕ್ಸ್‌ದಲ್ರಿ, ಯಾರಿಗೆ ಏನು ಬಿಡಬೇಕು ಅಂತ ನಿರ್ಧರಿಸೋ ಪಾಲಿಸಿಕಿಟ್‌ದು. ತೆರೆದ ಲಕ್ಸ್‌ನ ಡಿಸ್ಕ್ ಹಂಗ ತೋರಿಸೋ ಡಿವೈಸ್ ಮ್ಯಾಪರ್‌ಗೆ ಹೊಸ ಮ್ಯಾಪಿಂಗ್ ಸೇರಿಸೋದು ರೂಟ್ ಕೆಲಸ, ಅದಕ್ಕ ಕ್ರಿಪ್ಟ್‌ಸೆಟಪ್ ನೇರ ಓಡಂಗಿಲ್ಲ. ಡೆಸ್ಕ್‌ಟಾಪ್‌ನ್ಯಾಗ ಆ ಕೆಲಸ ರೂಟ್ ಆಗಿ ಓಡೋ ಯುಡಿಸ್ಕ್ಸ್2 ಮಾಡ್ತದ. ಕೇಳಿದವರು ಯಾರು, ಬಿಡಬೇಕೋ ಬ್ಯಾಡೋ ಅಂತ ಅದು ಪಾಲಿಸಿಕಿಟ್‌ನ ಕೇಳ್ತದ. ಪೆನ್‌ಡ್ರೈವ್ ಆದ್ರ "ಎನ್‌ಕ್ರಿಪ್ಟೆಡ್-ಅನ್‌ಲಾಕ್" ಅನ್ನೋ ಆಕ್ಷನ್. ಮಷಿನ್ ಮುಂದ ಕುಂತ ಯೂಸರ್‌ಗೆ ಅದು ಹಂಗೇ ಬಿಡ್ತದ. ಒಳಗಿನ ಡಿಸ್ಕ್‌ನ ಯುಡಿಸ್ಕ್ಸ್ "ಸಿಸ್ಟಮ್" ಅಂತ ಲೆಕ್ಕ ಹಾಕ್ತದ, ಆಗ ಆಕ್ಷನ್ "ಎನ್‌ಕ್ರಿಪ್ಟೆಡ್-ಅನ್‌ಲಾಕ್-ಸಿಸ್ಟಮ್" ಆಗ್ತದ. ಇದಕ್ಕ ಮೂಲದಾಗೇ ಅಡ್ಮಿನ್ ಪಾಸ್‌ವರ್ಡ್ ಇಟ್ಟಾರ.

ಯುಡೆವ್ (ಡಿವೈಸ್‌ಗಳನ್ನ ಗುರುತಿಸೋ ವ್ಯವಸ್ಥಾ) ರೂಲ್‌ನ್ಯಾಗ "ಯುಡಿಸ್ಕ್ಸ್_ಸಿಸ್ಟಮ್" ಸೊನ್ನೆ ಮಾಡಿ ಆ ಡಿಸ್ಕ್‌ನ ಪೆನ್‌ಡ್ರೈವ್ ಹಂಗ ನಡೆಸಬಹುದು, ಭಾಳ ಕಡೆ ಇದನ್ನೇ ಹೇಳ್ತಾರ. ಮಾಡಬ್ಯಾಡ್ರಿ. ಆಗ ಮಷಿನ್ ಮುಂದ ಕುಂತ ಯಾರಿಗಾದ್ರೂ ಅನುಮತಿ ಸಿಗ್ತದ, ಗ್ರೂಪ್ ಅನ್ನೋ ಕಟ್ಟು ಇರಂಗಿಲ್ಲ. ಪಾಲಿಸಿಕಿಟ್ ರೂಲ್ ಬರೀರಿ.

ಮೊದಲು "ಲೆಕ್ಕ" ಅಂತ ಒಂದು ಗ್ರೂಪ್ ಮಾಡಿ ಮೂವರನ್ನೂ ಸೇರಿಸ್ರಿ. ಲಾಗೌಟ್ ಆಗಿ ಮತ್ತ ಬಂದ್ರನ ಫೈಲ್ ಅನುಮತಿಗೆ ಹೊಸ ಗ್ರೂಪ್ ಹತ್ತತದ.

ಆಮ್ಯಾಲ /ಇಟಿಸಿ/ಪಾಲ್ಕಿಟ್-1/ರೂಲ್ಸ್.ಡಿ ಒಳಗ 50ರಿಂದ ಶುರುವಾಗೋ ಹೆಸರಿನ ಒಂದು ರೂಲ್ಸ್ ಫೈಲ್. ಡೆಬಿಯನ್ 12ರಾಗ ಇದು ಜಾವಾಸ್ಕ್ರಿಪ್ಟ್. ಡೆಬಿಯನ್ 11, ಉಬುಂಟು 22.04 ಇದ್ದವರಿಗೆ ಇದು ನಡೆಯಂಗಿಲ್ಲ, ಅಲ್ಲಿ ಹಳೆ ಪಿಕೆಎಲ್‌ಎ ಫೈಲ್ ಬರೀಬೇಕು. ರೂಲ್ ಬರೆದೆ, ಏನೂ ಆಗ್ಲಿಲ್ಲ ಅನ್ನೋರದ್ದು ಹೆಚ್ಚಿಗಿ ಇದೇ ತೊಂದ್ರಿ. ರೂಲ್‌ನ್ಯಾಗ ನಾಲ್ಕು ಷರತ್ತು ಕೂಡಿಸ್ರಿ. ಆಕ್ಷನ್ ಐಡಿ "ಆರ್ಗ್.ಫ್ರೀಡೆಸ್ಕ್‌ಟಾಪ್.ಯುಡಿಸ್ಕ್ಸ್2.ಎನ್‌ಕ್ರಿಪ್ಟೆಡ್-ಅನ್‌ಲಾಕ್-ಸಿಸ್ಟಮ್" ಇರಬೇಕು, "ಸಬ್ಜೆಕ್ಟ್.ಲೋಕಲ್" ನಿಜ ಇರಬೇಕು, "ಸಬ್ಜೆಕ್ಟ್.ಈಸ್‌ಇನ್‌ಗ್ರೂಪ್" ಲೆಕ್ಕ ಗ್ರೂಪ್‌ಗೆ ಹೌದು ಅನ್ನಬೇಕು, "ಆಕ್ಷನ್.ಲುಕಪ್" ಮಾಡಿದ "ಐಡಿ.ಯುಯುಐಡಿ" (ಪಾರ್ಟಿಷನ್‌ನ ಗುರುತಿನ ಸಂಖ್ಯೆ) ನಿಮ್ಮ ಲಕ್ಸ್ ಪಾರ್ಟಿಷನ್‌ದೇ ಇರಬೇಕು. ನಾಲ್ಕೂ ಕೂಡಿದ್ರ "ಪಾಲ್ಕಿಟ್.ರಿಸಲ್ಟ್.ಯೆಸ್". ಯುಯುಐಡಿ ಷರತ್ತು ಬಿಟ್ರ ಒಳಗಿನ ಬ್ಯಾರೆ ಲಕ್ಸ್ ಡಿಸ್ಕ್‌ಗೂ ಇದೇ ಅನುಮತಿ ಸಿಗ್ತದ.

ಮೌಂಟ್‌ಗೆ ಇದೇ ರೂಲ್ ಹಿಗ್ಗಿಸಬ್ಯಾಡ್ರಿ. ಯುಡಿಸ್ಕ್ಸ್ ತಾನೇ ಮೌಂಟ್ ಮಾಡಿದ್ರ /ಮೀಡಿಯಾ ಒಳಗ ಯೂಸರ್ ಹೆಸರಿನ ಫೋಲ್ಡರ್ ಮಾಡ್ತದ, ಅದರೊಳಗ ಆ ಯೂಸರ್ ಬಿಟ್ಟು ಬ್ಯಾರೆಯವರು ಹೋಗಾಕ ಬರಂಗಿಲ್ಲ. ಒಬ್ಬರು ತೆರೆದ್ರ ಇನ್ನೊಬ್ಬರಿಗೆ ಕಾಣಂಗಿಲ್ಲ. ಅದರ ಬದಲು ಎಫ್‌ಎಸ್‌ಟ್ಯಾಬ್‌ನ್ಯಾಗ ಒಳಗಿನ ಇಎಕ್ಸ್‌ಟಿ4ನ ಯುಯುಐಡಿ ಕೊಟ್ಟು, ಮೌಂಟ್ ಪಾಯಿಂಟ್ /ಎಸ್‌ಆರ್‌ವಿ/ಲೆಕ್ಕ, ಆಯ್ಕೆಗಳು "ನೋಆಟೋ,ಯೂಸರ್ಸ್". ಲಕ್ಸ್‌ದ ಯುಯುಐಡಿ ಬ್ಯಾರೆ, ಇಎಕ್ಸ್‌ಟಿ4ದು ಬ್ಯಾರೆ. ಅದಲು ಬದಲು ಮಾಡಿಕೋಬ್ಯಾಡ್ರಿ. "ಯೂಸರ್" ಅಂದ್ರ ಮೌಂಟ್ ಮಾಡಿದವರೇ ತೆಗೀಬೇಕು, "ಯೂಸರ್ಸ್" ಅಂದ್ರ ಯಾರಾದ್ರೂ ತೆಗೀಬಹುದು. ಎರಡ್ರಾಗೂ ನೋಎಕ್ಸೆಕ್, ನೋಸುಯಿಡ್, ನೋಡೆವ್ ತಾವೇ ಹತ್ತತಾವ, ಅವನ್ನ ಬಿಚ್ಚಬ್ಯಾಡ್ರಿ.

ಡಿಸ್ಕ್ ಮೌಂಟ್ ಆಗದಿದ್ದಾಗ ಆ ಖಾಲಿ ಫೋಲ್ಡರ್‌ಗೆ ರೂಟ್ ಆಗಿ "ಚಾಟ್ಟರ್ +ಐ" (ಯಾರೂ ಬದಲಿಸದಂಗ ಮಾಡೋ ಗುರುತು) ಕೊಡ್ರಿ. ಡಿಸ್ಕ್ ತೆರೆಯೋದು ಮರೆತು ಯಾರಾದ್ರೂ ಅಲ್ಲಿ ಫೈಲ್ ಉಳಿಸಾಕ ಹೋದ್ರ ಆಗ ತಪ್ಪು ಅಂತದ. ಇಲ್ಲಾಂದ್ರ ಆಧಾರ್ ಪ್ರತಿ ಎಸ್‌ಎಸ್‌ಡಿ ಮ್ಯಾಲ ಬಯಲಾಗ ಬೀಳ್ತದ, ಆಮ್ಯಾಲ ಡಿಸ್ಕ್ ಮೌಂಟ್ ಆದ್ರ ಅದು ಕೆಳಗ ಮುಚ್ಚಿಕೊಂಡು ಯಾರಿಗೂ ಗೊತ್ತೂ ಆಗಂಗಿಲ್ಲ.

ಹೊಸ ಇಎಕ್ಸ್‌ಟಿ4ನ ಬೇರು ಫೋಲ್ಡರ್ ರೂಟ್‌ದೇ ಇರ್ತದ, ಮೌಂಟ್ ಆದ್ರೂ ಬರಿಯಾಕ ಬಿಡಂಗಿಲ್ಲ. ಒಮ್ಮೆ ತೆರೆದು ಗ್ರೂಪ್ ಲೆಕ್ಕಕ್ಕ ಬದಲಿಸಿ, ಚಮೋಡ್ 2770 ಕೊಟ್ಟು, "ಸೆಟ್‌ಎಫ್‌ಎಸಿಎಲ್ -ಡಿ" ಹಾಕಿ ಗ್ರೂಪ್‌ಗೆ ಬರೆಯೋ ಹಕ್ಕು ಇಡ್ರಿ. ಬರೇ 2770 ಸಾಲಂಗಿಲ್ಲ. ಹೊಸ ಫೈಲ್ ಗ್ರೂಪ್‌ಗೆ ಓದಾಕಷ್ಟೇ ಸಿಗ್ತದ, ಒಬ್ಬರು ಮಾಡಿದ ಶೀಟ್ ಇನ್ನೊಬ್ಬರು ತಿದ್ದಾಕ ಆಗಂಗಿಲ್ಲ.

ದಿನದ ಬಳಕಿಗೆ: "ಯುಡಿಸ್ಕ್ಸ್‌ಸಿಟಿಎಲ್ ಅನ್‌ಲಾಕ್ -ಬಿ" ಮುಂದ ಪಾರ್ಟಿಷನ್ ಹೆಸರು, ಆಮ್ಯಾಲ "ಮೌಂಟ್ /ಎಸ್‌ಆರ್‌ವಿ/ಲೆಕ್ಕ". ಪಾರ್ಟಿಷನ್‌ಗೆ ಎಸ್‌ಡಿಬಿ1 ಅಂತ ಬರೀಬ್ಯಾಡ್ರಿ, ಬೂಟ್ ಆದಾಗ ಆ ಹೆಸರು ಬದಲಾಗಬಹುದು. /ಡೆವ್/ಡಿಸ್ಕ್/ಬೈ-ಯುಯುಐಡಿ ಒಳಗಿನ ದಾರಿ ಕೊಡ್ರಿ. ಎರಡನ್ನೂ ಒಂದು ಸಣ್ಣ ಸ್ಕ್ರಿಪ್ಟ್‌ನ್ಯಾಗ ಹಾಕಿ ಡೆಸ್ಕ್‌ಟಾಪ್ ಮ್ಯಾಲ ಐಕಾನ್ ಇಟ್ರ ಮುಗೀತು.

ಪಾಸ್‌ಫ್ರೇಸ್ ಒಬ್ಬೊಬ್ಬರಿಗೆ ಒಂದು: "ಲಕ್ಸ್‌ಆಡ್‌ಕೀ". ಲಕ್ಸ್2ಕ್ಕ 32 ಸ್ಲಾಟ್ (ಪಾಸ್‌ಫ್ರೇಸ್ ಸೇರಿಸೋ ಜಾಗ) ಅದಾವ, ಹಳೆ ಲಕ್ಸ್1ಕ್ಕ 8. ಯಾವ ಸ್ಲಾಟ್ ಯಾರದ್ದು ಅಂತ ಕಾಗದದ ಮ್ಯಾಲ ಬರೆದಿಡ್ರಿ. ಕೆಲಸ ಬಿಟ್ಟವರ ಸ್ಲಾಟ್ "ಲಕ್ಸ್‌ಕಿಲ್‌ಸ್ಲಾಟ್"ನಿಂದ ತೆಗೀರಿ.

ಭತ್ತದ ಚೀಲ, ಗಂಗಾವತಿ

ಮೇಲಿನ ಉತ್ತರ ಡಿಸ್ಕ್ ಮಟ್ಟಿಗೆ ಸರಿ. ಆದರೆ ಕೊನೆಯ ಬೇಡಿಕೆ ಅದರಲ್ಲಿ ಬಗೆಹರಿಯುವುದಿಲ್ಲ. ಲಕ್ಸ್‌ನಲ್ಲಿ ಮೂರು ಪಾಸ್‌ಫ್ರೇಸ್ ಇದ್ದರೂ ಅವು ಬಿಚ್ಚುವುದು ಒಂದೇ ಮಾಸ್ಟರ್ ಕೀಯನ್ನು. ಒಬ್ಬರು ತೆರೆದರೆ ಇಡೀ ಮಷಿನ್‌ಗೆ ತೆರೆದಂತೆ. ಆಮೇಲೆ ಸಂಬಳದ ಫೈಲನ್ನು ಕಾಯುವುದು ಎನ್‌ಕ್ರಿಪ್ಷನ್ ಅಲ್ಲ, ಚಮೋಡ್. ಅಷ್ಟು ಸಾಕೆಂದರೆ ಸಂಬಳದ ಫೋಲ್ಡರ್‌ಗೆ 700 ಕೊಟ್ಟು, ಮೇಲಿನಿಂದ ಇಳಿದು ಬಂದ ಎಸಿಎಲ್ (ಸೆಟ್‌ಎಫ್‌ಎಸಿಎಲ್ ಹಾಕಿದ ಅನುಮತಿ) ತೆಗೆದು ಬಿಟ್ಟುಬಿಡಿ. ಸಾಲದೆಂದರೆ ಆ ಫೋಲ್ಡರ್‌ಗೆ, ಫೋಲ್ಡರ್ ಒಂದನ್ನೇ ಎನ್‌ಕ್ರಿಪ್ಟ್ ಮಾಡುವ ಗೋಕ್ರಿಪ್ಟ್‌ಎಫ್‌ಎಸ್ ಹಾಕಿ.

ಇದು ಫ್ಯೂಸ್ (ಸಾಮಾನ್ಯ ಯೂಸರ್‌ಗೂ ಮೌಂಟ್ ಮಾಡಲು ಬಿಡುವ ವ್ಯವಸ್ಥೆ) ಮೇಲೆ ಓಡುತ್ತದೆ. ರೂಟ್ ಬೇಡ, ಪಾಲಿಸಿಕಿಟ್ ಬೇಡ, ಎಸ್‌ಎಸ್‌ಎಚ್‌ನಲ್ಲೂ ಒಂದೇ ರೀತಿ ನಡೆಯುತ್ತದೆ. ಡೆಬಿಯನ್ ರೆಪೊದಲ್ಲೇ ಇದೆ. "ಗೋಕ್ರಿಪ್ಟ್‌ಎಫ್‌ಎಸ್ -ಇನಿಟ್" ಮುಂದೆ ಖಾಲಿ ಫೋಲ್ಡರ್ ಹೆಸರು ಕೊಟ್ಟರೆ ಪಾಸ್‌ವರ್ಡ್ ಕೇಳಿ, ಕೊನೆಗೆ ಮಾಸ್ಟರ್ ಕೀಯನ್ನು ಪರದೆ ಮೇಲೆ ತೋರಿಸುತ್ತದೆ. ಅದನ್ನು ಕೈಯಲ್ಲಿ ಬರೆದುಕೊಂಡು ಲಕೋಟೆಯಲ್ಲಿ ಹಾಕಿ ತಿಜೋರಿಯಲ್ಲಿಡಿ. ಫೋಲ್ಡರ್‌ನೊಳಗಿನ "ಗೋಕ್ರಿಪ್ಟ್‌ಎಫ್‌ಎಸ್.ಕಾನ್ಫ್" ಕೆಟ್ಟರೆ ಪಾಸ್‌ವರ್ಡ್ ನೆನಪಿದ್ದೂ ಪ್ರಯೋಜನವಿಲ್ಲ, ಆ ಚೀಟಿಯೇ ಗತಿ.

ತೆರೆಯಲು ಎನ್‌ಕ್ರಿಪ್ಟೆಡ್ ಫೋಲ್ಡರ್, ಮೌಂಟ್ ಪಾಯಿಂಟ್ ಎರಡನ್ನೂ ಕೊಟ್ಟರೆ ಸಾಕು. "-ಐಡಲ್ 30ಎಂ" ಸೇರಿಸಿದರೆ ಅರ್ಧ ಗಂಟೆ ಯಾರೂ ಮುಟ್ಟದಿದ್ದಾಗ ತಾನೇ ಮುಚ್ಚುತ್ತದೆ. ಲಿಬ್ರೆಆಫೀಸ್‌ನಲ್ಲಿ ಶೀಟ್ ತೆರೆದಿಟ್ಟು ಮನೆಗೆ ಹೋದರೆ ಮುಚ್ಚುವುದಿಲ್ಲ, ಫೈಲ್ ತೆರೆದಿದ್ದರೆ ಬಳಕೆಯಲ್ಲಿದೆ ಎಂದೇ ಅರ್ಥ. ಕೈಯಲ್ಲಿ ಮುಚ್ಚಲು "ಫ್ಯೂಸರ್‌ಮೌಂಟ್ -ಯು".

ಒಬ್ಬರು ತೆರೆದ ಫ್ಯೂಸ್ ಮೌಂಟ್ ಒಳಗೆ ಇನ್ನೊಬ್ಬ ಯೂಸರ್ ಹೋಗಲಾರ. "ಅಲೋ_ಅದರ್" ಕೊಡದಿದ್ದರೆ ರೂಟ್‌ಗೂ ನೇರವಾಗಿ ಬಿಡುವುದಿಲ್ಲ. ಹಾಗಂತ ರೂಟ್ ಇದ್ದವರಿಂದ ಇದು ಕಾಪಾಡುತ್ತದೆ ಎಂದುಕೊಳ್ಳಬೇಡಿ. ರೂಟ್ ಆ ಯೂಸರ್ ಆಗಿಯೇ ಬದಲಾಗಿ ಒಳಗೆ ನೋಡಬಹುದು.

ಹತ್ತಿ ಮಾರ್ಕೆಟ್ ಅಣ್ಣ ಹೇಳಿದ "ಚಾಟ್ಟರ್ +ಐ" ಉಪಾಯ ಇಲ್ಲಿ ನಡೆಯದು. ಮೌಂಟ್ ಪಾಯಿಂಟ್‌ಗೆ ಬರೆಯುವ ಹಕ್ಕು ಯೂಸರ್‌ಗೆ ಇದೆಯೇ ಎಂದು ಫ್ಯೂಸರ್‌ಮೌಂಟ್ ಮೊದಲೇ ನೋಡುತ್ತದೆ, ಇಲ್ಲದಿದ್ದರೆ ಮೌಂಟ್ ಮಾಡುವುದೇ ಇಲ್ಲ. ಹಾಗಾಗಿ ಸ್ಕ್ರಿಪ್ಟ್‌ನಲ್ಲೇ ಮೌಂಟ್ ಪಾಯಿಂಟ್ ಹುಟ್ಟಿಸಿ, ಮುಚ್ಚಿದ ಮೇಲೆ ಆರ್‌ಎಂಡಿರ್ ಮಾಡಿ. ಫೋಲ್ಡರ್ ಇಲ್ಲದಿದ್ದರೆ ತಪ್ಪಿ ಅದರಲ್ಲಿ ಉಳಿಸುವ ಪ್ರಶ್ನೆಯೂ ಇಲ್ಲ. ಆರ್‌ಎಂಡಿರ್ ಖಾಲಿ ಫೋಲ್ಡರನ್ನಷ್ಟೇ ಅಳಿಸುತ್ತದೆ, ಆರ್‌ಎಂ -ಆರ್‌ಎಫ್ ಮಾತ್ರ ಆ ಸ್ಕ್ರಿಪ್ಟ್‌ನ ಹತ್ತಿರ ಸುಳಿಯಬಾರದು. ಮುಚ್ಚುವ ಹೆಜ್ಜೆ ಸೋತ ದಿನ ಅದು ತೆರೆದಿರುವ ಸಂಬಳದ ಫೈಲುಗಳನ್ನೇ ಗುಡಿಸಿಬಿಡುತ್ತದೆ.

ಬ್ಯಾಕಪ್‌ಗೆ ಇದರಷ್ಟು ಅನುಕೂಲ ಬೇರೆ ಇಲ್ಲ. ಎನ್‌ಕ್ರಿಪ್ಟ್ ಆದ ಫೋಲ್ಡರನ್ನು ತೆರೆಯದೆಯೇ ಆರ್‌ಸಿಂಕ್‌ನಿಂದ ನಕಲು ಮಾಡಬಹುದು, ಬದಲಾದ ಫೈಲ್ ಮಾತ್ರ ಹೋಗುತ್ತದೆ. ಬ್ಯಾಕಪ್ ಮಾಡುವ ಹುಡುಗನಿಗೆ ಪಾಸ್‌ವರ್ಡ್ ಗೊತ್ತಿರಬೇಕಾಗಿಲ್ಲ.

ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ಒಂದು ಮಾತು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. "ಆಧಾರ್" ಎಂಬುದು 5 ಸಂಕೇತ, 15 ಬೈಟ್. ಇಎಕ್ಸ್‌ಟಿ4ನಲ್ಲಿ ಹೆಸರಿಗೆ 255 ಬೈಟ್ ಮಿತಿ, ಅಂದರೆ ಕನ್ನಡದ 85 ಸಂಕೇತ. ಗೋಕ್ರಿಪ್ಟ್‌ಎಫ್‌ಎಸ್ ಉದ್ದ ಹೆಸರನ್ನು ಬೇರೆ ಫೈಲ್‌ನಲ್ಲಿಟ್ಟು ಆ ಮಿತಿಯನ್ನು ಹಾಗೇ ಉಳಿಸುತ್ತದೆ. ಇದೇ ಕೆಲಸದ ಹಳೆಯ ಇಕ್ರಿಪ್ಟ್‌ಎಫ್‌ಎಸ್‌ನಲ್ಲಿ ಮಿತಿ 143 ಬೈಟ್‌ಗೆ ಇಳಿಯುತ್ತದೆ, ಕನ್ನಡದಲ್ಲಿ 47 ಸಂಕೇತ. ಘಟಕದ ಹೆಸರು, ತಿಂಗಳು, "ಹಾಜರಿ ಪಟ್ಟಿ ತಿದ್ದಿದ್ದು" ಎಂದು ಬರೆಯುವಷ್ಟರಲ್ಲಿ ಮುಗಿದೇ ಹೋಯಿತು. ಇಕ್ರಿಪ್ಟ್‌ಎಫ್‌ಎಸ್ ಈಗ ಹೊಸದಾಗಿ ಹಾಕುವಂಥದ್ದೂ ಅಲ್ಲ. ಉಬುಂಟು ತನ್ನ ಇನ್‌ಸ್ಟಾಲರ್‌ನಿಂದ ಅದನ್ನು 18.04ರಲ್ಲೇ ಕೈಬಿಟ್ಟಿದೆ. ಎನ್ಕ್‌ಎಫ್‌ಎಸ್ ಕೂಡ ಬೇಡ, 2014ರ ಭದ್ರತಾ ಪರಿಶೀಲನೆಯಲ್ಲಿ ಅದರ ದೌರ್ಬಲ್ಯಗಳು ಹೊರಬಿದ್ದಿವೆ.

ಕೋಟೆ ಕೆಳಗಿನ ಓಣಿ, ಬಳ್ಳಾರಿ

ಇಬ್ಬರಿಗೂ ಧನ್ಯವಾದ. ಪಾಲಿಸಿಕಿಟ್ ರೂಲ್ ಹಾಕಿದೆ, ಮಷಿನ್ ಮುಂದೆ ಕೂತವರಿಗೆ ಸಲೀಸಾಗಿ ತೆರೆಯುತ್ತಿದೆ. ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ಎಸ್‌ಎಸ್‌ಎಚ್‌ನಿಂದ ಬರುವವರಿಗೆ ಇನ್ನೂ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತಿದೆ. ಸಂಜೆ ಮುಚ್ಚಲು ಹೋದರೆ "ಟಾರ್ಗೆಟ್ ಈಸ್ ಬಿಝಿ". ಯುಮೌಂಟ್‌ಗೆ "-ಎಲ್" ಕೊಟ್ಟೆ, ಫೋಲ್ಡರ್ ಖಾಲಿಯಾಯಿತು, ಆದರೂ ಲಕ್ಸ್ ಲಾಕ್ ಆಗಲಿಲ್ಲ.

ಸಿಸ್ಟಮ್‌ಡಿ ಆಟೋಮೌಂಟ್ ಹಾಕಿದರೆ ಫೋಲ್ಡರ್ ಮುಟ್ಟಿದಾಗ ತಾನೇ ತೆರೆಯುತ್ತದೆಯಂತೆ, ಅದು ಇದಕ್ಕಿಂತ ಸುಲಭವೇ?

ಕಿನ್ನಾಳ ಬಣ್ಣ, ಕೊಪ್ಪಳ

ಎಸ್‌ಎಸ್‌ಎಚ್ ತೊಂದರೆ ರೂಲ್‌ನ "ಸಬ್ಜೆಕ್ಟ್.ಲೋಕಲ್" ಸಾಲಿನದು. ದೂರದಿಂದ ಬಂದ ಸೆಷನ್ ಲೋಕಲ್ ಅಲ್ಲ, ಹಾಗಾಗಿ ರೂಲ್ ಅನ್ವಯಿಸದೆ ಮೂಲ ನಿಯಮಕ್ಕೆ ಬೀಳುತ್ತದೆ. ಆ ಷರತ್ತು ತೆಗೆದರೆ ತೆರೆಯುತ್ತದೆ. ಆದರೆ ಮೂವರಿಗೂ ತೆಗೆಯಬೇಡಿ. ದೂರದಿಂದ ಬರುವ ಆ ಒಬ್ಬರ ಯೂಸರ್ ಹೆಸರಿಗೆ ಮಾತ್ರ ಇನ್ನೊಂದು ರೂಲ್ ಬರೆಯಿರಿ.

ಇನ್ನೊಂದು ದಾರಿ ಕ್ರಿಪ್ಟ್‌ಮೌಂಟ್. ಸಾಮಾನ್ಯ ಯೂಸರ್ ಬೇಕಾದಾಗ ತೆರೆದು ಮುಚ್ಚಲಿ ಎಂದೇ ಮಾಡಿದ ಸಾಧನ ಅದು, ರೂಟ್ ಸೆಟ್‌ಯುಐಡಿಯಾಗಿ, ಅಂದರೆ ಯಾರು ಓಡಿಸಿದರೂ ರೂಟ್ ಹಕ್ಕಿನಿಂದ, ಓಡುತ್ತದೆ. ಯಾವ ಡಿವೈಸ್, ಯಾವ ಮೌಂಟ್ ಪಾಯಿಂಟ್, ಕೀ ಯಾವ ಬಗೆ ಎಂಬುದನ್ನು ರೂಟ್ ಒಮ್ಮೆ /ಇಟಿಸಿ/ಕ್ರಿಪ್ಟ್‌ಮೌಂಟ್/ಸಿಎಂಟ್ಯಾಬ್‌ನಲ್ಲಿ ಒಂದು ಹೆಸರಿನಡಿ ಬರೆದಿಡುತ್ತಾರೆ. ಯೂಸರ್ "ಕ್ರಿಪ್ಟ್‌ಮೌಂಟ್ -ಎಂ" ಮುಂದೆ ಆ ಹೆಸರು ಕೊಟ್ಟು ತೆರೆಯುತ್ತಾರೆ, "-ಯು" ಕೊಟ್ಟು ಮುಚ್ಚುತ್ತಾರೆ. ತೆರೆದವರು ಅಥವಾ ರೂಟ್ ಮಾತ್ರ ಮುಚ್ಚಬಹುದು. ಡೆಸ್ಕ್‌ಟಾಪ್ ಇಲ್ಲದ ಸರ್ವರ್‌ಗೆ ಇದು ಯುಡಿಸ್ಕ್ಸ್‌ಗಿಂತ ಒಪ್ಪುತ್ತದೆ. ನಿಮ್ಮಲ್ಲಿ ಈಗಾಗಲೇ ಯುಡಿಸ್ಕ್ಸ್ ನಡೆಯುತ್ತಿದೆ, ಒಂದೇ ಡಿಸ್ಕ್‌ಗೆ ಎರಡೂ ಬೆರೆಸಬೇಡಿ.

ಇದೆಲ್ಲ ಬೇಡ, ಸುಡೂಅರ್ಸ್ ಎಂಬ ಸುಡೂ ಹಕ್ಕಿನ ಫೈಲ್‌ನಲ್ಲಿ ಕ್ರಿಪ್ಟ್‌ಸೆಟಪ್ ಮತ್ತು ಮೌಂಟ್‌ಗೆ ನಕ್ಷತ್ರ ಚಿಹ್ನೆ ಹಾಕಿ ಬಿಟ್ಟರಾಯಿತು ಎನ್ನುವವರು ಬರುತ್ತಾರೆ. ಮೌಂಟ್‌ಗೆ ಯಾವ ಆಯ್ಕೆ ಬೇಕಾದರೂ ಕೊಡಬಹುದೆಂದರೆ, ಸೆಟ್‌ಯುಐಡಿ ಫೈಲ್ ಇರುವ ತಮ್ಮದೇ ಇಮೇಜ್ ಮೌಂಟ್ ಮಾಡಿ ಎರಡು ನಿಮಿಷದಲ್ಲಿ ರೂಟ್ ಆಗಬಹುದು. ಸುಡೂ ಕೊಡಲೇಬೇಕಾದರೆ ರೂಟ್‌ಗೆ ಸೇರಿದ, ಬೇರೆಯವರು ತಿದ್ದಲಾಗದ, ಯಾವ ಆರ್ಗ್ಯುಮೆಂಟನ್ನೂ ತೆಗೆದುಕೊಳ್ಳದ ಸ್ಕ್ರಿಪ್ಟ್ ಒಂದಕ್ಕೆ ಮಾತ್ರ ಕೊಡಿ.

ಪ್ಯಾಮ್ ಮೌಂಟ್ ನಿಮ್ಮ ಕೆಲಸಕ್ಕೆ ಆಗದು. ಅದು ಲಾಗಿನ್ ಪಾಸ್‌ವರ್ಡನ್ನೇ ಬಳಸಿ ಲಾಗಿನ್ ಆದೊಡನೆ ತೆರೆಯುತ್ತದೆ, ಬೇಕಾದಾಗ ಅಲ್ಲ. ಲಾಗಿನ್ ಪಾಸ್‌ವರ್ಡ್ ಬದಲಿಸಿದರೆ ಲಕ್ಸ್ ಸ್ಲಾಟ್ ಹಳೆಯದೇ ಉಳಿದು ಮರುದಿನ ತೆರೆಯುವುದಿಲ್ಲ. ಎಸ್‌ಎಸ್‌ಎಚ್ ಕೀ ಬಳಸಿ ಬಂದವರು ಪಾಸ್‌ವರ್ಡನ್ನೇ ಕೊಟ್ಟಿರುವುದಿಲ್ಲ, ಅದಕ್ಕೆ ಸಿಗುವುದಾದರೂ ಏನು?

ಆಟೋಮೌಂಟ್‌ನಲ್ಲೂ ಇದೇ ಜಾತಿಯ ತೊಡಕು. ಫೋಲ್ಡರ್ ಮುಟ್ಟಿದೊಡನೆ ಸಿಸ್ಟಮ್‌ಡಿ ಪಾಸ್‌ಫ್ರೇಸ್ ಕೇಳುತ್ತದೆ ನಿಜ, ಆದರೆ ಮುಟ್ಟಿದವರನ್ನಲ್ಲ. ಸಿಸ್ಟಮ್‌ನ ಪಾಸ್‌ವರ್ಡ್ ಏಜೆಂಟ್ ಮೂಲಕ ಕೇಳುತ್ತದೆ, ಅದಕ್ಕೆ ಉತ್ತರಿಸಲು ರೂಟ್ ಬೇಕು. ಫೈಲ್ ಮ್ಯಾನೇಜರ್ ಸುಮ್ಮನೆ ತಿರುಗುತ್ತಾ ಕೂರುತ್ತದೆ. ಕೀಫೈಲ್ ಇಟ್ಟರೆ ತೆರೆಯುತ್ತದೆ, ಆದರೆ ಯಾರು ಮುಟ್ಟಿದರೂ ತೆರೆಯುತ್ತದೆ. ಆ ಕೀಫೈಲ್ ಎನ್‌ಕ್ರಿಪ್ಟ್ ಆಗದ ಎಸ್‌ಎಸ್‌ಡಿಯಲ್ಲೇ ಇದ್ದರೆ, ಕ್ಯಾಬಿನೆಟ್ ಹೊತ್ತೊಯ್ದ ಕಳ್ಳನಿಗೆ ಬೀಗದ ಜೊತೆ ಕೀಲಿಯನ್ನೂ ಕೊಟ್ಟಂತೆ.

ಇನ್ನು "ಬಿಝಿ". "-ಎಲ್" ಕೊಟ್ಟರೆ ಹೆಸರು ಮರೆಯಾಗುತ್ತದೆ ಅಷ್ಟೇ, ಫೈಲ್ ಹಿಡಿದಿರುವ ಪ್ರೋಗ್ರಾಮ್ ಹಿಡಿದೇ ಇರುತ್ತದೆ, ಡಿಸ್ಕ್ ಡಿಕ್ರಿಪ್ಟ್ ಆಗಿಯೇ ಉಳಿಯುತ್ತದೆ. ನೋಡಲು ಮಾತ್ರ ಮುಚ್ಚಿದಂತೆ. ಇದಕ್ಕಿಂತ ಮುಚ್ಚದಿರುವುದೇ ಮೇಲು, ಕನಿಷ್ಠ ತೆರೆದಿದೆ ಎಂದಾದರೂ ಗೊತ್ತಿರುತ್ತದೆ. "-ಎಲ್" ಕೊಡುವ ಮೊದಲು ರೂಟ್ ಆಗಿ "ಫ್ಯೂಸರ್ -ವಿಎಂ /ಎಸ್‌ಆರ್‌ವಿ/ಲೆಕ್ಕ" ಕೊಡಿ, ಹಿಡಿದವರ ಪಟ್ಟಿ ಬರುತ್ತದೆ. ಎಕ್ಸ್‌ಎಫ್‌ಸಿಇಯಲ್ಲಿ ಸಾಮಾನ್ಯವಾಗಿ ಸಿಗುವವರು: ಆ ಫೋಲ್ಡರ್‌ನಲ್ಲೇ ನಿಂತಿರುವ ಟರ್ಮಿನಲ್, ಕಿಟಕಿ ಮುಚ್ಚಿದರೂ ಹಿಂದೆ ಉಳಿದ ಲಿಬ್ರೆಆಫೀಸ್‌ನ "ಎಸ್‌ಆಫೀಸ್.ಬಿನ್", ಚಿತ್ರಗಳ ಕಿರುನೋಟ ಮಾಡುವ "ಟಂಬ್ಲರ್‌ಡಿ", ಎಸ್‌ಎಸ್‌ಎಚ್‌ನವರು ಬಿಟ್ಟುಹೋದ ಟಿಮಕ್ಸ್ (ಸಂಪರ್ಕ ಕಡಿದರೂ ಓಡುತ್ತಿರುವ ಟರ್ಮಿನಲ್).

ಬೇರೆಯವರು ಅನ್‌ಲಾಕ್ ಮಾಡಿದ್ದನ್ನು ಲಾಕ್ ಮಾಡಲು ಯುಡಿಸ್ಕ್ಸ್ ಮತ್ತೆ ಅಡ್ಮಿನ್ ಕೇಳುತ್ತದೆ. ಅದಕ್ಕೇ ಸಂಜೆಯ ಮುಚ್ಚುವಿಕೆಯನ್ನು ಜನರ ಕೈಗೆ ಬಿಡದೆ, ರೂಟ್ ಆಗಿ ಓಡುವ ಸಿಸ್ಟಮ್‌ಡಿ ಟೈಮರ್‌ಗೆ ಕೊಡಿ. ರಾತ್ರಿ 8ಕ್ಕೆ ಯುಮೌಂಟ್, ಆಮೇಲೆ ಕ್ರಿಪ್ಟ್‌ಸೆಟಪ್ ಕ್ಲೋಸ್. ಯುಮೌಂಟ್ ಸೋತರೆ ಫ್ಯೂಸರ್ ಪಟ್ಟಿಯನ್ನು ಲಾಗ್‌ಗೆ ಬರೆದು ಹತ್ತು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಲಿ.

ಕರೆಂಟ್ ವಿಚಾರ: ಲಕ್ಸ್ ಇದೆ ಎಂದು ಅಪಾಯ ಹೆಚ್ಚುವುದಿಲ್ಲ. ಇಎಕ್ಸ್‌ಟಿ4 ಕಳಿಸುವ ಫ್ಲಶ್ (ಈಗಲೇ ಡಿಸ್ಕ್‌ಗೆ ಬರೆ ಎಂಬ) ಆದೇಶಗಳನ್ನು ಲಕ್ಸ್ ಹಿಂದಿನ ಡಿಎಂ-ಕ್ರಿಪ್ಟ್ ಕೆಳಗಿನ ಡಿಸ್ಕ್‌ಗೆ ದಾಟಿಸುತ್ತದೆ, ಜರ್ನಲ್ ತನ್ನ ಕೆಲಸ ಮಾಡುತ್ತದೆ. ಕರೆಂಟ್ ಬಂದಾಗ ಡಿಸ್ಕ್ ಲಾಕ್ ಆಗಿಯೇ ಏಳುತ್ತದೆ, ನಿಮಗೆ ಬೇಕಾದದ್ದೂ ಅದೇ. ಹೋಗುವುದು ಹೆಚ್ಚಾಗಿ ಉಳಿಸದ ಶೀಟ್, ಅದಕ್ಕೆ ಯುಪಿಎಸ್. ಆದರೆ ಯುಪಿಎಸ್ ಬಂತೆಂದು ಮಷಿನನ್ನು ಸಸ್ಪೆಂಡ್‌ನಲ್ಲಿಟ್ಟು ಹೋಗಬೇಡಿ, ಕೀ ರ‍್ಯಾಮ್‌ನಲ್ಲೇ ಇರುತ್ತದೆ.

ಡಿಸ್ಕ್‌ಗಿಂತ ನಿಮ್ಮ ಎಸ್‌ಎಸ್‌ಡಿ ನನಗೆ ಹೆಚ್ಚು ಚಿಂತೆ. ಆಧಾರ್ ಪ್ರತಿಗಳಿರುವ ಫೋಲ್ಡರನ್ನು ಫೈಲ್ ಮ್ಯಾನೇಜರ್‌ನಲ್ಲಿ ತೆರೆದು ನೋಡಿ, ಆಮೇಲೆ ಆ ಯೂಸರ್‌ನ ಹೋಮ್‌ನಲ್ಲಿ ".ಕ್ಯಾಶ್/ಥಂಬ್‌ನೇಲ್ಸ್" ತೆರೆಯಿರಿ. ಪ್ರತಿಯೊಂದು ಕಾರ್ಡಿನ ಪುಟ್ಟ ಚಿತ್ರ ಅಲ್ಲಿ ಕೂತಿರುತ್ತದೆ, ಫೋಟೊ ಗುರುತಾಗುವಷ್ಟು ಸ್ಪಷ್ಟವಾಗಿ, ಡಿಸ್ಕ್ ಲಾಕ್ ಆದ ಮೇಲೂ. ಲಿಬ್ರೆಆಫೀಸ್ ಚೇತರಿಕೆಗೆಂದು ಮಾಡುವ ಪ್ರತಿ ".ಕಾನ್ಫಿಗ್" ಒಳಗಿನ ಅದರ ಬ್ಯಾಕಪ್ ಫೋಲ್ಡರ್‌ಗೆ ಹೋಗುತ್ತದೆ. ಡೆಬಿಯನ್ 12ರಲ್ಲಿ /ಟೆಂಪ್ ಕೂಡ ಡಿಸ್ಕ್ ಮೇಲೆಯೇ. ಕಿರುನೋಟ ನಿಲ್ಲಿಸಿ, /ಟೆಂಪ್ ಅನ್ನು ಟೆಂಪ್‌ಎಫ್‌ಎಸ್ (ಮೆಮೊರಿಯಲ್ಲೇ ಇರುವ ಫೋಲ್ಡರ್) ಮಾಡಿ, ಸ್ವಾಪ್‌ಗೆ ಕ್ರಿಪ್ಟ್‌ಟ್ಯಾಬ್‌ನಲ್ಲಿ ಪ್ರತಿ ಬೂಟ್‌ಗೂ ಹೊಸದಾಗುವ /ಡೆವ್/ಯುರ‍್ಯಾಂಡಮ್ ಕೀ ಕೊಡಿ. ಆಗ ಹೈಬರ್ನೇಟ್ ಕೆಲಸ ಮಾಡುವುದಿಲ್ಲ, ಆಫೀಸ್ ಮಷಿನ್‌ಗೆ ಅದು ಬೇಕಾಗಿಯೂ ಇಲ್ಲ. ಇನ್ನೂ ಚೊಕ್ಕವೆಂದರೆ ಎಸ್‌ಎಸ್‌ಡಿಯನ್ನೇ ಪೂರ್ತಿ ಲಕ್ಸ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡುವುದು. ಆಗ ಬೆಳಿಗ್ಗೆ ಮಷಿನ್ ಹಚ್ಚುವವರಿಗೆ ಬೂಟ್ ಪಾಸ್‌ಫ್ರೇಸ್ ಗೊತ್ತಿರಬೇಕು.

ಕೋಟೆ ಕೆಳಗಿನ ಓಣಿ, ಬಳ್ಳಾರಿ

ಟಂಬ್ಲರ್‌ಡಿಯೇ ಹಿಡಿದಿತ್ತು. ನಿಲ್ಲಿಸಿದ ಮೇಲೆ ಟೈಮರ್‌ನಿಂದ ಸರಿಯಾಗಿ ಮುಚ್ಚುತ್ತಿದೆ. ಥಂಬ್‌ನೇಲ್ಸ್ ಫೋಲ್ಡರ್ ನೋಡಿ ಗಾಬರಿಯಾಯಿತು, ಖಾಲಿ ಮಾಡಿದೆ. ಸಂಬಳದ ಫೋಲ್ಡರ್‌ಗೆ ಗೋಕ್ರಿಪ್ಟ್‌ಎಫ್‌ಎಸ್ ಹಾಕುತ್ತಿದ್ದೇನೆ, ಲಕ್ಸ್ ಡಿಸ್ಕ್ ಒಳಗೇ. ಎರಡು ಪದರ ಆದರೆ ನಿಧಾನವಾಗುತ್ತದೆಯೇ? ಲಕ್ಸ್ ಅನ್‌ಲಾಕ್ ಈಗಲೇ ಒಂದೆರಡು ಸೆಕೆಂಡ್ ತೆಗೆದುಕೊಳ್ಳುತ್ತಿದೆ.

ಭತ್ತದ ಚೀಲ, ಗಂಗಾವತಿ

"ಎಲ್‌ಎಸ್‌ಸಿಪಿಯು" ಕೊಟ್ಟು ಫ್ಲ್ಯಾಗ್ಸ್ ಸಾಲಿನಲ್ಲಿ "ಎಇಎಸ್" (ಎನ್‌ಕ್ರಿಪ್ಷನ್‌ಗೆ ಪ್ರೊಸೆಸರ್‌ನ ನೆರವು) ಇದೆಯೇ ನೋಡಿ. ಇದ್ದರೆ ಹಾರ್ಡ್ ಡಿಸ್ಕ್‌ನ ವೇಗವೇ ಮೊದಲು ಅಡ್ಡ ಬರುತ್ತದೆ, ಎರಡು ಪದರದ ಭಾರ ಸ್ಪ್ರೆಡ್‌ಶೀಟ್ ಕೆಲಸದಲ್ಲಿ ಗೊತ್ತಾಗದು. "ಗೋಕ್ರಿಪ್ಟ್‌ಎಫ್‌ಎಸ್ -ಸ್ಪೀಡ್" ನಿಮ್ಮ ಮಷಿನ್‌ನ ಅಂಕಿಯನ್ನೇ ತೋರಿಸುತ್ತದೆ. ಮುಚ್ಚುವಾಗ ಮೊದಲು ಫ್ಯೂಸರ್‌ಮೌಂಟ್, ಆಮೇಲೆ ಲಕ್ಸ್. ಟೈಮರ್‌ನಲ್ಲೂ ಅದೇ ಕ್ರಮ ಇರಲಿ, ಇಲ್ಲವಾದರೆ ಮತ್ತೆ "ಬಿಝಿ".

ಹತ್ತಿ ಮಾರ್ಕೆಟ್, ರಾಯಚೂರು

ಆ ಎರಡು ಸೆಕೆಂಡ್ ಬೇಕಂತಲೇ ಇಟ್ಟದ್ದು. ಲಕ್ಸ್2 ಪಾಸ್‌ಫ್ರೇಸ್‌ಗೆ ಆರ್ಗಾನ್2ಐಡಿ ಬಳಸ್ತದ, ಊಹಿಸಿ ಊಹಿಸಿ ನೋಡೋರಿಗೆ ಒಂದೊಂದು ಯತ್ನಕ್ಕೂ ಹೊತ್ತು, ಮೆಮೊರಿ ಎರಡೂ ಹಿಡೀಲಿ ಅಂತ. ಮೆಮೊರಿ 1 ಜಿಬಿ ತನಕ ಹೋಗ್ತದ. ನಾಳೆ ಈ ಡಿಸ್ಕ್ ತಗದು 1 ಜಿಬಿ ರ‍್ಯಾಮ್ ಇರೋ ಹಳೆ ಮಷಿನ್‌ಗೆ ಹಾಕಿದ್ರ ಪಾಸ್‌ಫ್ರೇಸ್ ಸರಿ ಇದ್ರೂ ಮೆಮೊರಿ ಸಾಲದ ತೆರೆಯಂಗಿಲ್ಲ, ಡಿಸ್ಕ್ ಕೆಟ್ಟದ ಅನ್ಕೋಬ್ಯಾಡ್ರಿ.

ಹೆಡರ್ (ಸ್ಲಾಟ್‌ಗಳಿರೋ ಡಿಸ್ಕ್‌ನ ಮೊದಲ ಭಾಗ) ಬ್ಯಾಕಪ್ ಯಾರೂ ಹೇಳಿಲ್ಲ. "ಲಕ್ಸ್‌ಹೆಡರ್‌ಬ್ಯಾಕಪ್" ಕೊಟ್ರ ಸುಮಾರು 16 ಎಂಬಿ ಫೈಲ್ ಬರ್ತದ, ಅದನ್ನ ಈ ಮಷಿನ್‌ನ್ಯಾಗ ಇಡಬ್ಯಾಡ್ರಿ, ಪೆನ್‌ಡ್ರೈವ್‌ಗೆ ಹಾಕಿ ತಿಜೋರಿಗೆ. ಡಿಸ್ಕ್‌ನ ಮೊದಲ ಭಾಗ ಕೆಟ್ರ ಅದಿಲ್ಲದ 1 ಟಿಬಿಯೂ ಹೋಯ್ತು. ಯಾರದ್ದಾದ್ರೂ ಸ್ಲಾಟ್ ತೆಗೆದ ದಿನ ಹೊಸ ಹೆಡರ್ ಬ್ಯಾಕಪ್ ತಗೊಂಡು ಹಳೇದನ್ನ ನಾಶ ಮಾಡ್ರಿ. ಹಳೆ ಫೈಲ್‌ನ್ಯಾಗ ಅವರ ಪಾಸ್‌ಫ್ರೇಸ್ ಇನ್ನೂ ನಡೀತದ.